ಪೇಟಿ ಮಾಸ್ತರರೊಬ್ಬರೇ ಹೊಣೆಯೇ?

ಚಿಂಚೋಳಿ ತಾಲ್ಲೂಕಿನ ಐನಾಪುರದಂತಹ ಊರುಗಳಲ್ಲಿ ಜಾತ್ರೆಯ ನಾಟಕವೆಂದರೆ ಹಾಡುಗಳೇ ಜೀವಾಳ. ನಾಟಕ ಗೆದ್ದರೆ ಕೀರ್ತಿ ನಾಯಕ ನಟನಿಗೆ ಸಲ್ಲುತ್ತದೆ. ಸೋತರೆ ಅಪವಾದವೆಲ್ಲ ಪೇಟಿ ಮಾಸ್ತರರ ತಲೆಗೆ. ಈ ತೀರ್ಪು ಸುಲಭವಾದುದು. ನ್ಯಾಯವಾದುದೇ ಎಂಬುದು ನನ್ನ ಪ್ರಶ್ನೆ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆರ್ಮೆನ್ ಆಲ್ಚಿಯನ್ ಮತ್ತು ಹೆರಾಲ್ಡ್ ಡೆಮ್ಸೆಟ್ಜ್ 1972ರ ತಮ್ಮ ಪ್ರಬಂಧದಲ್ಲಿ ಒಂದು ಸರಳ ಉದಾಹರಣೆ ಕೊಟ್ಟರು. ಇಬ್ಬರು ಕೂಡಿ ಭಾರದ ಸರಕನ್ನು ಲಾರಿಗೆ ಏರಿಸಿದರೆ, ಯಾರ ಶ್ರಮ ಎಷ್ಟೆಂದು ಫಲವನ್ನಷ್ಟೇ ನೋಡಿ ಅಳೆಯಲಾಗದು. ಆದುದರಿಂದ ಉಸ್ತುವಾರಿಗೆ ಒಬ್ಬನಿರಬೇಕು. ಉಳಿದ ಲಾಭನಷ್ಟಗಳೂ ಅವನಿಗೇ ಸೇರಬೇಕು. ಸಂಗೀತ ನಾಟಕವೂ ಇಂತಹದೇ ಕೂಡುದುಡಿಮೆ. ಪದ್ಯ ಬರೆದವರು ಒಬ್ಬರು, ಮಟ್ಟು ಹಾಕಿದವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು.

ನಮ್ಮ ವೃತ್ತಿ ಕಂಪನಿಗಳು ಈ ಸೂತ್ರವನ್ನು ಅನುಭವದಿಂದಲೇ ಅರಿತಿದ್ದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಮುಂದೆ ಬೆಳೆಸಿದ ವೀರಣ್ಣನವರು ಮಾಲೀಕರೂ ಹೌದು, ನಟರೂ ಹೌದು. ಅಂತಹ ವ್ಯವಸ್ಥೆಯಲ್ಲಿ ಕೊನೆಯ ಮಾತು ಮಾಲೀಕನದು. ಗಲ್ಲಾಪೆಟ್ಟಿಗೆ ಬರಿದಾದರೆ ಸಾಲವೂ ಅವನದೇ.

ಜಾತ್ರೆಯ ನಾಟಕದಲ್ಲಿ ಈ ನಂಟು ಕಡಿದಿದೆ. ಅನೇಕ ಕಡೆ ಪಾತ್ರಧಾರಿಗಳೇ ವಂತಿಗೆ ಹಾಕಿ ನಾಟಕ ಕಟ್ಟುತ್ತಾರೆ. ಹಣ ಕೊಟ್ಟವನಿಗೆ, ಈ ಹಾಡು ನಿನ್ನ ಕಂಠಕ್ಕೆ ಒಗ್ಗದೆಂದು ಮಾಸ್ತರರು ಹೇಗೆ ಹೇಳಿಯಾರು? ಸ್ತ್ರೀಪಾತ್ರದ ಕಲಾವಿದೆಯರು ಪರಊರಿನಿಂದ ಬರುವವರಾದ್ದರಿಂದ ಎಲ್ಲರೂ ಕೂಡಿ ತಾಲೀಮು ನಡೆಸಲು ಅವಕಾಶ ಕಡಿಮೆ. ಇದರ ಮೇಲೆ ಕಥೆಗೆ ಸಂಬಂಧವಿಲ್ಲದ ಸಿನಿಮಾ ಹಾಡಿಗಾಗಿ ನಮ್ಮ, ಅಂದರೆ ಪ್ರೇಕ್ಷಕರ, ಕೂಗು ಬೇರೆ. ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲದಿದ್ದರೂ ಬೈಗುಳ ಮಾತ್ರ ಒಬ್ಬರಿಗೇ ಮೀಸಲು.

ಸಂಗೀತವನ್ನು ದೂರುವ ಮುನ್ನ ಯೋಚಿಸಬೇಕೆಂಬುದಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ನಿದರ್ಶನವೊಂದಿದೆ. ಸ್ಟೀಫನ್ ಸೋಂಡ್‌ಹೈಮ್ ಗೀತೆ, ಸಂಗೀತ ರಚಿಸಿದ ‘ಮೆರಿಲಿ ವಿ ರೋಲ್ ಅಲಾಂಗ್’ 1981ರಲ್ಲಿ ಕೇವಲ 16 ಪ್ರದರ್ಶನಗಳಿಗೆ ನಿಂತಿತು. ಕಥೆ ಕೊನೆಯಿಂದ ಮೊದಲಿಗೆ ಸಾಗುತ್ತಿತ್ತು; ನಡುವಯಸ್ಸಿನ ಪಾತ್ರಗಳನ್ನು ಎಳೆಯರು ವಹಿಸಿದ್ದರು. ಮುಂದೆ ಪಠ್ಯ ಪರಿಷ್ಕೃತವಾಯಿತು, ಕೆಲವು ಹಾಡುಗಳು ಬದಲಾದವು, ಪ್ರೌಢ ನಟರು ಬಂದರು. 2023ರಲ್ಲಿ ಮತ್ತೆ ಬ್ರಾಡ್‌ವೇ ಏರಿದ ಅದೇ ನಾಟಕ, ಮರುಪ್ರಯೋಗಕ್ಕೆ ಮೀಸಲಾದ ಟೋನಿ ಪ್ರಶಸ್ತಿಯನ್ನು 2024ರಲ್ಲಿ ಪಡೆಯಿತು. ಹಾಡುಗಳು ಬಹುಪಾಲು ಹಳೆಯವೇ. ಕೆಟ್ಟಿದ್ದುದು ಹಾಡಿಗೂ ಪಾತ್ರಕ್ಕೂ ಇರಬೇಕಾದ ಹೊಂದಾಣಿಕೆ.

ಆ ಹೊಂದಾಣಿಕೆಯನ್ನು ಕನ್ನಡದಲ್ಲಿ ಸಾಧಿಸಿ ತೋರಿದವರು ಬಿ.ವಿ. ಕಾರಂತರು. ಜಡಭರತರ ‘ಸತ್ತವರ ನೆರಳು’ ನಾಟಕದಲ್ಲಿ ಅವರು ಪುರಂದರದಾಸರ ಕೀರ್ತನೆಗಳನ್ನು ಕಥೆಯ ಅಂಗವಾಗಿಯೇ ಹೆಣೆದರು. ನಿರ್ದೇಶನವೂ ಸಂಗೀತವೂ ಒಬ್ಬರ ಕೈಯಲ್ಲಿದ್ದುದರಿಂದ ಹೊಗಳಿಕೆ, ತೆಗಳಿಕೆ ಎರಡಕ್ಕೂ ವಿಳಾಸವಿತ್ತು.

ಪ್ರತಿ ಊರಿಗೂ ಕಾರಂತರು ದೊರೆಯಲಾರರು. ಆದರೆ ತಾಲೀಮು ತೊಡಗುವ ಮುನ್ನ, ಯಾವ ಹಾಡು, ಯಾರ ಕಂಠ ಎಂಬುದನ್ನು ನಿರ್ಧರಿಸುವ ಹಕ್ಕನ್ನು ಹಿರಿಯರು ಒಬ್ಬರಿಗೆ, ಸಾಧ್ಯವಾದರೆ ಮಾಸ್ತರರಿಗೇ, ಒಪ್ಪಿಸಬಹುದು; ಅವರು ಬೇಡವೆಂದಾಗ ಬೆನ್ನಿಗೆ ನಿಲ್ಲಬಹುದು. ಆ ಮೇಲೆಯೂ ನಾಟಕ ಕೆಟ್ಟರೆ ಅವರನ್ನು ಧಾರಾಳವಾಗಿ ಪ್ರಶ್ನಿಸೋಣ. ಅಧಿಕಾರ ಕೊಡದೆ ಜವಾಬ್ದಾರಿ ಹೊರಿಸುವುದು ಕಚೇರಿಯಲ್ಲಿ ಎಷ್ಟು ತಪ್ಪೋ ರಂಗದ ಮೇಲೂ ಅಷ್ಟೇ ತಪ್ಪು.