ದ್ವೀಪ ನೋಡಿ ಬನ್ನಿ, ಆದರೆ ಇಳಿಯಬೇಡಿ!

ಲಕ್ಕವಳ್ಳಿ ಹಿನ್ನೀರಿನಲ್ಲಿ ಒಂದು ದಿನ: ಡ್ಯಾಂ ಇಳಿದರೆ ರೈತರಿಗೆ ಚಿಂತೆ, ಹಕ್ಕಿಗೆ ಬಾಣಂತನದ ಮನೆ

"ಭದ್ರಾ ಎಷ್ಟು ಅಡಿ ಇದೆಯಂತೆ?"

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಕಾಫಿ ಜೊತೆಗೆ ಕೇಳಿಬರುವ ಪ್ರಶ್ನೆ ಇದು. ಚಿನ್ನದ ರೇಟು ಆಮೇಲೆ, ಅಡಿಕೆ ಧಾರಣೆ ಆಮೇಲೆ. ಗೊಬ್ಬರದ ಅಂಗಡಿಯವರಿಂದ ಹಿಡಿದು ಜವಳಿ ಅಂಗಡಿಯವರ ತನಕ ಎಲ್ಲರಿಗೂ ಈ ಲೆಕ್ಕ ಬೇಕು. ಯಾಕಂದರೆ 186 ಅಡಿ ತುಂಬಿದ ವರ್ಷ ನಾಲೆಯಲ್ಲಿ ನೀರು. ನಾಲೆಯಲ್ಲಿ ನೀರಿದ್ದರೆ ಗದ್ದೆ, ತೋಟ ಹಸಿರು. ಗದ್ದೆ, ತೋಟ ಹಸಿರಾಗಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ನಾಲ್ಕು ಕಾಸು. ಸಂಕ್ರಾಂತಿ ಕಳೆದು ಡ್ಯಾಂ ನೀರು ಇಳಿಯತೊಡಗಿತೋ, ಇವರ ಮುಖವೂ ಇಳಿಯತೊಡಗುತ್ತದೆ.

ಆದರೆ ಸ್ವಾಮಿ, ಅದೇ ನೀರು ಯಾವಾಗ ಇಳಿದೀತು ಎಂದು ಕಾದು ಕೂತಿರುವ ಇನ್ನೊಂದು ಬಳಗ ಲಕ್ಕವಳ್ಳಿಯಲ್ಲಿದೆ. ಅವರಿಗೆ ಅಂಗಡಿಯಿಲ್ಲ, ಪಹಣಿಯಿಲ್ಲ, ಓಟೂ ಇಲ್ಲ. ಅವು ಹಕ್ಕಿಗಳು. ಇಂಗ್ಲಿಷಿನವರು ರಿವರ್ ಟರ್ನ್ ಎನ್ನುತ್ತಾರೆ, ಪಕ್ಷಿ ಬಲ್ಲ ಕನ್ನಡಿಗರು ರೀವ ಎನ್ನುತ್ತಾರೆ. ನೀರು ಇಳಿದಂತೆ ಭದ್ರಾ ಹಿನ್ನೀರಿನಲ್ಲಿ ಒಂದೊಂದೇ ದ್ವೀಪ ತಲೆಯೆತ್ತುತ್ತದೆ. ಆ ಬೋಳು ನೆಲದ ಮೇಲೆ ಸಾವಿರಾರು ರೀವಗಳು ಬಂದು ಮೊಟ್ಟೆಯಿಟ್ಟು, ಮರಿ ಮಾಡಿ, ಮಳೆಗಾಲಕ್ಕೆ ಮುಂಚೆ ಜಾಗ ಖಾಲಿ ಮಾಡುತ್ತವೆ.

ಇದನ್ನು ನೋಡಲು ಬೆಂಗಳೂರಿನಿಂದ ಕಾರು ಕಟ್ಟಿಕೊಂಡು ಬರುತ್ತಾರೆ. ಕ್ಯಾಮೆರಾ ಹೊತ್ತು ಹೊರದೇಶದವರೂ ಬರುತ್ತಾರೆ. ಕಡೂರು, ಬೀರೂರು, ಅಜ್ಜಂಪುರದ ನಮ್ಮ ಜನರಲ್ಲಿ ಎಷ್ಟು ಮಂದಿ ನೋಡಿದ್ದಾರೆ? ಡ್ಯಾಂ ನೋಡಿದ್ದೇವೆ ಎನ್ನುವವರು ಬೇಕಾದಷ್ಟು. ದ್ವೀಪ ನೋಡಿದವರು ಬೆರಳೆಣಿಕೆ.

ಮುಳುಗಿದ ಗುಡ್ಡದ ತಲೆ

ಮೊದಲು ಒಂದು ಮಾತು. ಇದು ಸಮುದ್ರದಲ್ಲಿರುವಂಥ ದ್ವೀಪವಲ್ಲ. ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ. ಕಳಸ, ಬಾಳೆಹೊನ್ನೂರು ದಾಟಿ ಬಂದ ಹೊಳೆಗೆ ಲಕ್ಕವಳ್ಳಿ ಹತ್ತಿರ ಅಡ್ಡಗಟ್ಟೆ ಹಾಕುವ ಕೆಲಸ 1947ರಲ್ಲಿ, ಹಳೇ ಮೈಸೂರು ಸರ್ಕಾರದ ಕಾಲದಲ್ಲಿ ಶುರುವಾಯಿತು. ಮುಗಿಯುವ ಹೊತ್ತಿಗೆ 1960ರ ದಶಕ ಬಂದಿತ್ತು. ಕಟ್ಟೆಯ ಎತ್ತರ 194 ಅಡಿ. ತುಂಬಿದಾಗ ಹಿಡಿಯುವ ನೀರು 71 ಟಿ.ಎಂ.ಸಿ.ಗೂ ಮಿಗಿಲು. ಹಿನ್ನೀರು ನರಸಿಂಹರಾಜಪುರದ ತನಕ ಚಾಚಿತು. ಹಳ್ಳ ಮುಳುಗಿತು, ಗದ್ದೆ ಮುಳುಗಿತು, ಊರೂ ಮುಳುಗಿದವು. ಗುಡ್ಡಗಳು ಮಾತ್ರ ಪೂರ್ತಿ ಮುಳುಗದೆ ತಲೆ ಮೇಲಿಟ್ಟುಕೊಂಡು ನಿಂತವು. ಆ ತಲೆಗಳೇ ಇವತ್ತಿನ ದ್ವೀಪಗಳು.

ಮಳೆಗಾಲದಲ್ಲಿ ಡ್ಯಾಂ ತುಂಬಿದಾಗ ಬಹಳಷ್ಟು ದ್ವೀಪ ಮಾಯ. ಬೇಸಿಗೆಗೆ ಮತ್ತೆ ಪ್ರತ್ಯಕ್ಷ. ವರ್ಷಕ್ಕೊಮ್ಮೆ ಮುಳುಗಿ ಏಳುವುದರಿಂದ ಅಲ್ಲಿ ಗಿಡ, ಪೊದೆ ಬೆಳೆಯುವುದಿಲ್ಲ. ಹಕ್ಕಿಗೆ ಬೇಕಾದ್ದೂ ಅದೇ. ಸುತ್ತ ನೀರು, ಮೇಲೆ ಬಯಲು. ನರಿ ಈಜಿ ಬರಲಾರದು, ಹಾವು ಅಡಗಲು ಪೊದೆಯಿಲ್ಲ. ಸುತ್ತಲೂ ಮೀನು. ಬಾಣಂತಿಗೆ ಇದಕ್ಕಿಂತ ತವರುಮನೆ ಉಂಟೆ?

ಬೆಳಗಿನ ಬಸ್ಸು ಹಿಡಿದರೆ

ಕಡೂರು, ಬೀರೂರಿನವರು ಶಿವಮೊಗ್ಗ ಬಸ್ಸೋ ರೈಲೋ ಹಿಡಿದು ತರೀಕೆರೆಯಲ್ಲಿ ಇಳಿಯಬೇಕು. ಅಜ್ಜಂಪುರದವರೂ ತರೀಕೆರೆಗೇ ಬರಬೇಕು. ಅಲ್ಲಿಂದ ಲಕ್ಕವಳ್ಳಿ ಸುಮಾರು 20 ಕಿಲೋಮೀಟರು. ದಾರಿಯುದ್ದಕ್ಕೂ ಬಯಲುಸೀಮೆ ಹಿಂದೆ ಸರಿದು ಮಲೆನಾಡು ಎದುರಾಗುವುದನ್ನು ಕಿಟಕಿಯಲ್ಲೇ ನೋಡಬಹುದು. ತೆಂಗು ಹೋಗಿ ಅಡಿಕೆ ಬರುತ್ತದೆ, ಅಡಿಕೆ ಹೋಗಿ ತೇಗ ಬರುತ್ತದೆ.

ಹಿನ್ನೀರಿನ ಅಂಚಿನಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹ ಇದೆ. ಅದರ ಹೆಸರೇ ರಿವರ್ ಟರ್ನ್ ಲಾಡ್ಜ್. ಅಲ್ಲಿ ತಂಗಿದವರಿಗೆ ಜೀಪಿನಲ್ಲಿ ಕಾಡು, ದೋಣಿಯಲ್ಲಿ ಹಿನ್ನೀರು ತೋರಿಸುತ್ತಾರೆ. ಇದು 1974ರಲ್ಲಿ ಭದ್ರಾ ವನ್ಯಧಾಮ ಎಂದು ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಜಾಗ. ಸುಮಾರು 492 ಚದರ ಕಿಲೋಮೀಟರಿನ ಕಾಡು. ಆದ್ದರಿಂದ ಸಿಕ್ಕ ಸಿಕ್ಕ ದೋಣಿ ಹತ್ತಿ ಹೊರಡುವಂತಿಲ್ಲ. ಅನುಮತಿ ಇರುವ ದೋಣಿ, ಜೊತೆಗೊಬ್ಬ ಗೈಡ್, ಮೈಮೇಲೆ ತೇಲುವ ಜಾಕೆಟ್ಟು. ಇವು ಮೂರೂ ಇರಲೇಬೇಕು. ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿಕೊಂಡರೆ ಬಸ್ ಚಾರ್ಜು ದಂಡವಾಗುವುದು ತಪ್ಪುತ್ತದೆ.

ಈಗೀಗ ಪಟ್ಟಣದ ಹುಡುಗರು ಕಯಾಕ್, ಕಯಾಕ್ ಎಂದು ಕುಣಿಯುತ್ತಾರೆ. ಏನದು? ಮೂತಿ ಚೂಪಾದ ಸಣ್ಣ ದೋಣಿ. ಒಬ್ಬರೋ ಇಬ್ಬರೋ ಕಾಲು ಚಾಚಿ ಕೂರಬೇಕು. ಹುಟ್ಟಿಗೆ ಎರಡೂ ತುದಿಯಲ್ಲಿ ಹಲಗೆ. ಎಡಕ್ಕೊಂದು, ಬಲಕ್ಕೊಂದು ಹಾಕುತ್ತಾ ಹೋದರೆ ಅದು ಮೀನಿನ ಹಾಗೆ ಮುಂದಕ್ಕೆ ಜಾರುತ್ತದೆ. ನಮ್ಮ ಹರಿಗೋಲು ದುಂಡಗೆ, ಹುಟ್ಟು ಬಲ್ಲವನ ಕೈಯಲ್ಲಿ ಇಲ್ಲದಿದ್ದರೆ ನಿಂತಲ್ಲೇ ಗಿರಕಿ. ಕಯಾಕ್ ಹಾಗಲ್ಲ, ನೇರ ಓಡುತ್ತೆ, ಎಂಜಿನ್ ಸದ್ದಿಲ್ಲ, ಡೀಸೆಲ್ ವಾಸನೆಯಿಲ್ಲ. ಆದರೆ ದಡದ ಹತ್ತಿರ ಆಡುವುದಕ್ಕಷ್ಟೇ ಸರಿ. ಮಧ್ಯಾಹ್ನ ಗಾಳಿ ಎದ್ದರೆ ಹಿನ್ನೀರಿನಲ್ಲಿ ಅಲೆ ಏಳುತ್ತದೆ. ನೀರಿನಡಿ ಅಣೆಕಟ್ಟಿಗಿಂತ ಹಳೆಯ ಮರದ ಬೊಡ್ಡೆಗಳು ಕಾದಿರುತ್ತವೆ. ಮೊಸಳೆಯೂ ಉಂಟು. ಧೈರ್ಯ ತೋರಿಸಲು ಇದು ಜಾಗವಲ್ಲ.

ಗೈಡ್ ಸಂಗಡ ದೊಡ್ಡ ದೋಣಿಯಲ್ಲಿ ಹೋದರೆ ನೋಟ ಒಂದೆರಡಲ್ಲ. ಒಣಮರದ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯುವ ನೀರುಕಾಗೆ. ಮೇಲಿನಿಂದ ಎರಗಿ ಮೀನು ಹೊತ್ತೊಯ್ಯುವ ಹದ್ದು. ಅದೃಷ್ಟ ಇದ್ದರೆ ನೀರುನಾಯಿಗಳ ಗುಂಪು. ನೀರು ಇಳಿದ ದಡದಲ್ಲಿ ಹೊಸ ಹುಲ್ಲು ಚಿಗುರಿದಾಗ ಬೇಸಿಗೆ ಸಂಜೆ ಆನೆ ಬರುತ್ತದೆ, ಕಾಟಿ ಬರುತ್ತದೆ, ಜಿಂಕೆ ಬರುತ್ತದೆ. ಹುಲಿ? ಇದೆ. ತೋರಿಸುತ್ತೇನೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಆಮೇಲೆ ರೀವ. ತಲೆಗೆ ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂಥ ಬಾಲ. ನೀರಿನ ಮೇಲೆ ಹಾರುತ್ತಾ ಹಾರುತ್ತಾ ಥಟ್ಟನೆ ಧುಮುಕಿ ಮೀನು ಕಚ್ಚಿ ಮೇಲೇಳುತ್ತದೆ. ದ್ವೀಪದ ಹತ್ತಿರ ಬಂದರೆ ಸಂತೆಯ ಗದ್ದಲ. ಗೈಡ್ ಎಂಜಿನ್ ಆರಿಸುತ್ತಾನೆ. ಆಗ ಹತ್ತರಲ್ಲಿ ಒಬ್ಬರಾದರೂ ಕೇಳುವ ಮಾತು ಒಂದೇ: "ಒಂದೈದು ನಿಮಿಷ ಇಳಿಸಪ್ಪಾ, ಫೋಟೋ ತಕ್ಕೊಂಡು ಬಂದುಬಿಡ್ತೀವಿ."

ಇಡೀ ಪ್ರವಾಸದ ಒಳಿತು ಕೆಡುಕು ನಿಂತಿರುವುದು ಈ ಒಂದು ಮಾತಿನ ಮೇಲೆ.

ಐದು ನಿಮಿಷದಲ್ಲಿ ಏನಾಗುತ್ತದೆ?

ರೀವ ಗೂಡು ಕಟ್ಟುವುದಿಲ್ಲ. ನೆಲವನ್ನು ಸ್ವಲ್ಪ ಕೆರೆದು, ಆ ತಗ್ಗಿನಲ್ಲಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣು, ಕಲ್ಲಿನ ಬಣ್ಣವೇ. ಮೇಲೆ ಕಂದು ಚುಕ್ಕೆ. ಹದ್ದಿನ ಕಣ್ಣಿಗೆ ಕಾಣದಿರಲಿ ಎಂದು ಪ್ರಕೃತಿ ಮಾಡಿದ ಉಪಾಯ. ಹದ್ದಿಗೇ ಕಾಣದ್ದು ನಮ್ಮ ಚಪ್ಪಲಿಗೆ ಕಂಡೀತೆ? ಫೋಟೋಗೆ ನಾಲ್ಕು ಹೆಜ್ಜೆ ಇಟ್ಟರೆ ಎಷ್ಟು ಮೊಟ್ಟೆ ಕಾಲಡಿಗೆ ಬಿತ್ತು ಎಂಬುದು ತುಳಿದವರಿಗೂ ಗೊತ್ತಾಗುವುದಿಲ್ಲ.

ತುಳಿಯದಿದ್ದರೂ ನಷ್ಟವೇ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ತಾಯಿ ತಂದೆ ಪಾಳಿಯ ಮೇಲೆ ಕೂತು ಮೊಟ್ಟೆಗೆ ನೆರಳಾಗುತ್ತವೆ. ಕಾವು ಕೊಡುವುದು ಒಂದು ಕೆಲಸವಾದರೆ ಬಿಸಿಲು ತಡೆಯುವುದು ಇನ್ನೊಂದು ಕೆಲಸ. ಮನುಷ್ಯ ಇಳಿದೊಡನೆ ಇಡೀ ಹಿಂಡು ಚೀರುತ್ತಾ ಮೇಲೇಳುತ್ತದೆ. ಕಾದ ಕಲ್ಲಿನ ಮೇಲೆ ಮೊಟ್ಟೆ ಒಂಟಿ. ಬಿಸಿಲಿಗೆ ಬೆಂದರೆ ಅದು ಮತ್ತೆ ಒಡೆದು ಮರಿಯಾಗುವುದಿಲ್ಲ. ಅದೇ ಸಮಯಕ್ಕೆ ಕಾಗೆ, ಹದ್ದು ತಮ್ಮ ಪಾಲು ಎತ್ತುತ್ತವೆ. ಸದ್ದಿಲ್ಲದ ಕಯಾಕಿನಿಂದಲೂ ಅಪಾಯ ಇರುವುದು ಇಲ್ಲೇ. ಸದ್ದಿಲ್ಲ ಎಂಬ ಧೈರ್ಯದಲ್ಲಿ ತೀರಾ ಹತ್ತಿರ ಹೋಗಿಬಿಡುತ್ತಾರೆ.

ಹೋದರೆ ನಾಲ್ಕು ಮೊಟ್ಟೆ ತಾನೇ, ಎನ್ನುವವರಿಗೆ ಒಂದು ಲೆಕ್ಕ. ಈ ಹಕ್ಕಿ ಮೊದಲು ದೇಶದ ದೊಡ್ಡ ಹೊಳೆಗಳ ಮರಳುದಿಬ್ಬದ ಮೇಲೆ ಮೊಟ್ಟೆ ಇಡುತ್ತಿತ್ತು. ಕಡೆಗಡೆ ಡ್ಯಾಂ ಬಂತು, ಮರಳು ಲಾರಿಗೆ ಹೋಯಿತು, ದಿಬ್ಬಕ್ಕೆ ನಾಯಿ ದನ ನುಗ್ಗಿದವು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ 2020ರಿಂದ ರೀವ ಅಳಿವಿನ ಭಯ ಇರುವ ಹಕ್ಕಿಗಳ ಸಾಲಿಗೆ ಸೇರಿದೆ. ಬೇರೆ ಕಡೆ ಮನೆ ಕಳೆದುಕೊಂಡ ಹಕ್ಕಿಗೆ ಲಕ್ಕವಳ್ಳಿ ಮನೆ ಕೊಟ್ಟಿದೆ. ಅಲ್ಲಿಂದಲೂ ಎಬ್ಬಿಸಿದರೆ ಎಲ್ಲಿಗೆ ಹೋದೀತು?

ಮನೆ ಬಿಟ್ಟವರ ಊರು

ಮನೆ ಬಿಡುವ ಕಷ್ಟ ಈ ಸೀಮೆಗೆ ಹೊಸದಲ್ಲ. ಡ್ಯಾಂ ಕಟ್ಟಿದಾಗ ಎದ್ದು ಹೋದವರು ಒಂದು ಕಂತು. ವನ್ಯಧಾಮದ ಒಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬ 2001-02ರ ಸುಮಾರಿನಲ್ಲಿ ಕಾಡು ಬಿಟ್ಟು ಹೊರಬಂದದ್ದು ಇನ್ನೊಂದು ಕಂತು. ಅವರಲ್ಲಿ ಹೆಚ್ಚಿನವರು ನೆಲೆಯೂರಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಉಳಿದವರು ಮೂಡಿಗೆರೆ ಕಡೆಯ ಕೆಳಗೂರಿನಲ್ಲಿ. ಜಮೀನು, ಶಾಲೆ, ರಸ್ತೆ ಸಿಕ್ಕಿದ್ದರಿಂದ ಇದು ದೇಶದಲ್ಲೇ ಸರಿಯಾಗಿ ನಡೆದ ಸ್ಥಳಾಂತರಗಳಲ್ಲೊಂದು ಎಂದು ಹೆಸರಾಯಿತು. ಹಾಗಂತ ಹುಟ್ಟಿದ ಮನೆಯ ಹೊಸ್ತಿಲು ಮರೆಯುತ್ತದೆಯೇ?

ಜನ ಇಷ್ಟು ಬಿಟ್ಟುಕೊಟ್ಟ ಮೇಲೆ ಕಾಡಿಗೆ ಜೀವ ಬಂದಿದೆ. ಆ ಕಾಡು ನೋಡಲು ದೂರದವರು ದುಡ್ಡು ಕೊಡುತ್ತಿದ್ದಾರೆ. ಆ ದುಡ್ಡಿನಲ್ಲಿ ಒಂದು ಪಾಲು ಈ ಸೀಮೆಯ ಒಲೆಗೆ ಬರಬೇಕು ಎನ್ನುವುದರಲ್ಲಿ ತಪ್ಪೇನಿದೆ?

ಊಟದ ಮಾತು

ಒಲೆ ಎಂದೊಡನೆ ಊಟ. ತರೀಕೆರೆ ಸೀಮೆಯ ಅಡುಗೆಗೆ ಎರಡು ತಾಯಿ. ಕಡೂರು, ಅಜ್ಜಂಪುರದ ಕಡೆಯಿಂದ ರಾಗಿಮುದ್ದೆ, ಕಾಳುಸಾರು, ಜೋಡಿಗೆ ಈರುಳ್ಳಿ. ಲಕ್ಕವಳ್ಳಿಯಿಂದ ಆಚೆ ಅಕ್ಕಿರೊಟ್ಟಿ, ಕಡುಬು, ಮಳೆಗಾಲಕ್ಕೆ ಕಳಲೆ ಪಲ್ಯ, ಕೆಸುವಿನ ಸೊಪ್ಪಿನ ಪತ್ರೊಡೆ. ಮೀನು ತಿನ್ನುವವರಿಗೆ ಹುಳಿ ಖಾರ ಹಿಡಿದ ಹೊಳೆಮೀನಿನ ಸಾರು. ಇಷ್ಟೆಲ್ಲ ಇದ್ದೂ ದೂರದಿಂದ ಬಂದವರಿಗೆ ಗೋಬಿ ಮಂಚೂರಿ, ಫ್ರೈಡ್ ರೈಸ್ ಬಡಿಸಿ ಕಳಿಸುವುದು ಯಾವ ನ್ಯಾಯ? ಲಕ್ಕವಳ್ಳಿಯ ನಾಲ್ಕು ಮನೆಯ ಹೆಂಗಸರು ಸೇರಿ ದಿನಕ್ಕೆ ಇಪ್ಪತ್ತು ಎಲೆ ಊಟ ಹಾಕಿದರೂ ಸಾಕು, ಅಕ್ಕಿ ಅಲ್ಲಿಯದೇ, ಮೀನು ಅಲ್ಲಿಯದೇ, ಕಾಸೂ ಅಲ್ಲೇ ಉಳಿಯುತ್ತೆ.

ನೀರಿಗೆ ಇನ್ನೊಂದು ದಾರಿ

ಅಜ್ಜಂಪುರದವರು ಇದು ನಮಗೆ ಸಂಬಂಧವಿಲ್ಲದ ವಿಷಯ ಎನ್ನಬೇಡಿ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಚಿತ್ರದುರ್ಗದ ಕಡೆ ಸಾಗುವುದು ಅಜ್ಜಂಪುರದ ಬಳಿಯ ಸುರಂಗದೊಳಗಿಂದ. ಯೋಜನೆಯ ಲೆಕ್ಕದ ಪ್ರಕಾರ ಭದ್ರೆಯಿಂದ ಎತ್ತಬೇಕಾದ ನೀರು 29.90 ಟಿ.ಎಂ.ಸಿ. ಬರಗಾಲ ಉಂಡು ಬೆಳೆದ ಕಡೂರು ಸೀಮೆಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ದಾವಣಗೆರೆಯ ಭತ್ತ ಕೇಳುತ್ತದೆ, ಶಿವಮೊಗ್ಗದ ತೋಟ ಕೇಳುತ್ತದೆ, ಚಿತ್ರದುರ್ಗದ ಬಾಯಾರಿಕೆ ಕೇಳುತ್ತದೆ. ಎಲ್ಲರ ಪಾಲು ಕಾಗದದಲ್ಲಿ ಬರೆದಿದೆ. ದ್ವೀಪದ ಹಕ್ಕಿಯ ಪಾಲು ಕಾಗದದಲ್ಲಿಲ್ಲ. ಅದು ಕೇಳುವುದೂ ನೀರನ್ನಲ್ಲ, ಫೆಬ್ರುವರಿಯಿಂದ ಮೇ ತನಕ ತುಸು ನೆಲ, ತುಸು ನೆಮ್ಮದಿ, ಅಷ್ಟೆ.

ಏನು ಮಾಡಬಹುದು?

ಲಾಡ್ಜಿನಲ್ಲಿ ರಾತ್ರಿ ತಂಗುವುದು ಬಸ್ಸಿನವರ ಕಿಸೆಗೆ ಭಾರ. ಭಾನುವಾರ ಅಂಗಡಿ ಮುಚ್ಚಿ ಹೆಂಡತಿ ಮಕ್ಕಳ ಜೊತೆ ಹೋಗಿ, ಸಂಜೆ ಮನೆ ಸೇರುವವರಿಗೆ ಒಂದು ದಿನದ ಏರ್ಪಾಡು ಬೇಕು. ಬೆಳಿಗ್ಗೆ ತರೀಕೆರೆಯಿಂದ ಬಸ್ಸು, ಗೈಡ್ ಜೊತೆ ದೋಣಿ, ದಡದಲ್ಲಿ ಹುಡುಗರಿಗೆ ಕಯಾಕು, ಮಧ್ಯಾಹ್ನ ಊರಿನ ಊಟ, ಸಂಜೆ ವಾಪಸ್ಸು. ಗೈಡ್ ಕೆಲಸಕ್ಕೆ ಎಂ.ಸಿ. ಹಳ್ಳಿ, ಲಕ್ಕವಳ್ಳಿಯ ಹುಡುಗರಿಗೇ ತರಬೇತಿ ಕೊಡಬಹುದು. ಕಾಡು ಬಿಟ್ಟು ಬಂದವರ ಮಕ್ಕಳಿಗಿಂತ ಚೆನ್ನಾಗಿ ಅದನ್ನು ತೋರಿಸುವವರು ಯಾರು? ಪ್ರವಾಸೋದ್ಯಮ, ಅರಣ್ಯ, ಸಾರಿಗೆ ಮೂರೂ ಇಲಾಖೆಯವರು ಒಂದು ಮೇಜಿನ ಸುತ್ತ ಕೂತರೆ ಆಗದ ಕೆಲಸವಲ್ಲ.

ಒಂದೇ ಷರತ್ತು. ಹಕ್ಕಿ ಇರುವ ತಿಂಗಳಲ್ಲಿ ದ್ವೀಪಕ್ಕೆ ಯಾರೂ ಕಾಲಿಡಬಾರದು. ದುಡ್ಡು ಹೆಚ್ಚು ಕೊಟ್ಟವರೂ ಇಳಿಯಬಾರದು, ದೊಡ್ಡವರ ಶಿಫಾರಸು ತಂದವರೂ ಇಳಿಯಬಾರದು. ಬೈನಾಕ್ಯುಲರ್ ಒಂದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರೆ ಮರಿಯ ಬಾಯಿಗೆ ತಾಯಿ ಮೀನಿಡುವುದು ದೋಣಿಯಿಂದಲೇ ಕಾಣುತ್ತದೆ. "ಇಳಿಸಪ್ಪಾ" ಎಂದವರಿಗೆ "ಆಗಲ್ಲ ಸಾರ್" ಎನ್ನುವ ಗೈಡ್ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವನು ನಿಮಗೆ ಇಲ್ಲ ಎನ್ನುತ್ತಿರುವುದು ಮುಂದಿನ ವರ್ಷವೂ ತೋರಿಸಲು ಏನಾದರೂ ಉಳಿಯಲಿ ಅಂತ.

ನಾಳೆ ಬೆಳಿಗ್ಗೆ ಕಾಫಿ ಕುಡಿಯುತ್ತಾ "ಭದ್ರಾ ಎಷ್ಟು ಅಡಿ?" ಎಂದು ಕೇಳುವಾಗ, ನೀರು ಎರಡಡಿ ಇಳಿಯಿತಂತೆ ಎಂಬ ಉತ್ತರ ಬಂದರೆ ಚಿಂತೆಯಾಗುವುದು ಸಹಜ. ಆ ಎರಡಡಿಯಲ್ಲಿ ಮೇಲೆದ್ದ ಹಿಡಿ ನೆಲದ ಮೇಲೆ ಯಾರೋ ಮೊಟ್ಟೆಯಿಡಲು ಜಾಗ ನೋಡುತ್ತಿರುತ್ತಾರೆ ಎಂಬುದೂ ನೆನಪಿರಲಿ.