ಎಳ್ಳಷ್ಟು ಮದ್ದು, ಇರುಳೆಲ್ಲ ಎಚ್ಚರ

ಗಂಡುಮಗು ಹುಟ್ಟಿತೆಂದರೆ ಕೋವಿಯಿಂದ ಒಂದು ಗುಂಡು ಹಾರಿಸಿ ನೆರೆಹೊರೆಗೆ ಸಾರುವುದು, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲುಬಾಣಗಳನ್ನು ಶಿಶುವಿನ ಕೈಗೆ ಮುಟ್ಟಿಸುವುದು ಕೊಡವರ ಪುರಾತನ ಸಂಪ್ರದಾಯ. ಕೂಸಿನ ಆಗಮನ ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಕೇಳಿಸಿತಾದರೂ ಹೆತ್ತವಳ ನೋವು ಒಳಕೋಣೆಯ ಗೋಡೆಯನ್ನು ದಾಟಿದುದು ವಿರಳ. ಹೆರಿಗೆಯೆಂದ ಮೇಲೆ ನೋವು ಇದ್ದದ್ದೇ ಎಂಬ ಮಾತಿನಲ್ಲಿ ಅದು ಅಡಗಿಹೋಗುತ್ತಿದ್ದಿತು. 2016ರಲ್ಲಿ ಮಡಿಕೇರಿಯಲ್ಲಿಯೇ ವೈದ್ಯಕೀಯ ಕಾಲೇಜು ಆರಂಭವಾಗಿ, ಜಿಲ್ಲಾ ಆಸ್ಪತ್ರೆಯು ವಿದ್ಯಾರ್ಥಿಗಳ ಪಾಠಶಾಲೆಯೂ ಆಗಿರುವ ಈ ಕಾಲದಲ್ಲಿ, ಆ ನೋವಿಗೆ ಅರಿವಳಿಕೆಯ ಶಾಸ್ತ್ರ ಕಂಡುಕೊಂಡಿರುವ ಉಪಾಯವನ್ನು ಗೃಹಸ್ಥರೂ ಅರಿತಿರುವುದು ಉಚಿತ.

ಸಿಸೇರಿಯನ್ ಹೆರಿಗೆಗೆ ಇಂದು ತಾಯಿಯನ್ನು ಸಾಮಾನ್ಯವಾಗಿ ನಿದ್ರೆಗೊಳಪಡಿಸುವುದಿಲ್ಲ. ಸೊಂಟದ ಎಲುಬುಗಳ ನಡುವೆ, ಬೆನ್ನುಹುರಿಯ ತುದಿಗಿಂತಲೂ ಕೆಳಗೆ, ನರಗಳು ತೇಲುವ ದ್ರವದೊಳಕ್ಕೆ ಸಪೂರವಾದ ಸೂಜಿಯಿಂದ ಬ್ಯುಪಿವಕೇನ್ ಎಂಬ ಔಷಧವನ್ನು ಸೇರಿಸಿದರೆ, ಎದೆಯಿಂದ ಕೆಳಗೆ ಮರಗಟ್ಟಿ, ತಾಯಿ ಎಚ್ಚರವಾಗಿದ್ದುಕೊಂಡೇ ಕೂಸಿನ ಮೊದಲ ಅಳುವನ್ನು ಕೇಳಬಲ್ಲಳು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಕೋಕೇನಿನಿಂದ ತೊಡಗಿಸಿದ ವಿಧಾನವೇ ಇದು. ಆದರೆ ಎರಡು ಮೂರು ಗಂಟೆ ಕಳೆಯುತ್ತಲೇ ಮರಗಟ್ಟು ಬಿಡುವುದು. ಮಗುವಿಗೆ ಹಾಲೂಡಿಸಬೇಕಾದ, ಮಗ್ಗುಲು ಹೊರಳಬೇಕಾದ ಹೊತ್ತಿಗೇ ಗಾಯ ಉರಿಯತೊಡಗುವುದು.

ಅದಕ್ಕಾಗಿಯೇ ಅದೇ ಸೂಜಿಯಲ್ಲಿ ಅಫೀಮಿನ ವರ್ಗದ ಔಷಧವನ್ನೂ ಕಿಂಚಿತ್ತು ಬೆರೆಸುವುದುಂಟು. ಪಾಯಸಕ್ಕೆ ನಾವು ರುಬ್ಬುವ ಗಸಗಸೆ ಯಾವ ಗಿಡದ ಬೀಜವೋ, ಆ ಗಿಡದ ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದರಿಂದ ಬೇರ್ಪಡಿಸಿದ ಸತ್ತ್ವ ಮಾರ್ಫಿನ್. ಅದೇ ಗುಣವನ್ನುದ್ದೇಶಿಸಿ ಪ್ರಯೋಗಶಾಲೆಯಲ್ಲಿ ರಚಿತವಾದುದು ಫೆಂಟನಿಲ್. ಇವುಗಳನ್ನು ಹಿಡಿದುಕೊಳ್ಳುವ ಗ್ರಾಹಿಗಳು ದೇಹದಲ್ಲಿಯೇ ಇರುವುದು 1973ರಲ್ಲಿ ಪ್ರಯೋಗಗಳಿಂದ ಸಿದ್ಧವಾಯಿತು. ಬೆನ್ನುಹುರಿಯಲ್ಲಿಯೂ ಅವು ಇರುವುದರಿಂದ, ನೋವಿನ ವಾರ್ತೆ ಮೆದುಳಿಗೇರುವ ಮೊದಲೇ ಅಲ್ಲಿ ಕ್ಷೀಣಿಸುತ್ತದೆ, ಕಾಲುಗಳ ಚಲನೆಗೆ ಮಾತ್ರ ಅಡ್ಡಿಯಿಲ್ಲ. 1979ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಕ್ಯಾನ್ಸರ್ ರೋಗಿಗಳಲ್ಲಿ ಮಾರ್ಫಿನ್ನನ್ನು ಹೀಗೆ ಪ್ರಯೋಗಿಸಿ ಫಲವನ್ನು ಕಂಡರು.

ಎರಡರ ಸ್ವಭಾವ ಬೇರೆ. ಕೊಬ್ಬಿನಲ್ಲಿ ಬೇಗ ಕರಗುವ ಫೆಂಟನಿಲ್, 10ರಿಂದ 25 ಮೈಕ್ರೋಗ್ರಾಂ ಪ್ರಮಾಣದಲ್ಲಿ, ಶಸ್ತ್ರಕ್ರಿಯೆಯ ಕಾಲದ ಒಳಸೆಳೆತವನ್ನು ಶಮನಗೊಳಿಸಿ ಕೆಲವೇ ಗಂಟೆಗಳಲ್ಲಿ ಅಡಗುವುದು. ನೀರಿನ ಸ್ನೇಹದ ಮಾರ್ಫಿನ್ ದ್ರವದಲ್ಲಿಯೇ ನಿಂತು, ಕೇವಲ 100ರಿಂದ 150 ಮೈಕ್ರೋಗ್ರಾಂನಷ್ಟೇ ಇದ್ದರೂ, ಅರ್ಧ ದಿನದಿಂದ ಒಂದು ದಿನದವರೆಗೆ ನೋವನ್ನು ತಗ್ಗಿಸಬಲ್ಲುದು. ಸ್ನಾಯುವಿಗೆ ಕೊಡುವ ವಾಡಿಕೆಯ 10 ಮಿಲಿಗ್ರಾಂನ ನೂರರಲ್ಲಿ ಒಂದರಿಂದ ಒಂದೂವರೆ ಪಾಲು ಮಾತ್ರ ಇದು! ಇಷ್ಟು ಅಲ್ಪವಾದ ಔಷಧ ಎದೆಹಾಲಿಗೆ ಬಾಧಕವಲ್ಲ.

ಆದರೆ ದ್ರವದಲ್ಲಿ ನಿಲ್ಲುವ ಗುಣವೇ ಜಾಗರೂಕತೆಯನ್ನೂ ಬೇಡುತ್ತದೆ. ಬಾಣಂತಿಗೆ ಮೂಗು ಮುಖಗಳಲ್ಲಿ ತುರಿಕೆಯೆದ್ದರೆ ಹಿರಿಯರು ಏನನ್ನೋ ತಿಂದ ನಂಜೆಂದು ಭಾವಿಸುವುದು ಸಹಜ. ಅದು ಬಹುಮಟ್ಟಿಗೆ ಈ ಮದ್ದಿನದೇ ಪರಿಣಾಮ. ಓಕರಿಕೆಯೂ ಬರಬಹುದು. ಅಪರೂಪವಾದರೂ ಗುರುತರವಾದುದು ಬೇರೊಂದಿದೆ: ಮಾರ್ಫಿನ್ ಗಂಟೆಗಟ್ಟಲೆ ನಿಧಾನವಾಗಿ ಮೆದುಳಿನತ್ತ ಏರಿ ಉಸಿರಾಟವನ್ನು ಮಂದಗೊಳಿಸಬಹುದು. ನಲೋಕ್ಸೋನ್ ಎಂಬ ಪ್ರತಿಮದ್ದುಂಟು. ಆದರೆ ಅದನ್ನು ಕೊಡಬೇಕಾದೀತೆಂದು ಮೊದಲು ಯಾರಾದರೂ ಕಾಣಬೇಕು. ಆದುದರಿಂದ ಕಕ್ಕಡದ ಮಳೆ ಹೆಂಚಿನ ಮೇಲೆ ಮೊರೆಯುವ ಇರುಳಿನಲ್ಲಿಯೂ ದಾದಿಯು ಗಂಟೆಗಂಟೆಗೆ ಬಂದು ಬಾಣಂತಿಯ ಉಸಿರನ್ನೆಣಿಸುವುದು, ಮಾತನಾಡಿಸಿ ನೋಡುವುದು ಚಿಕಿತ್ಸೆಯ ಅರ್ಧಾಂಶವೇ ಸರಿ.

ಆಗ ಹಾಸಿಗೆಯ ಬಳಿ ಕುಳಿತ ತಾಯಿಯೋ ಅತ್ತೆಯೋ ಕನಿಕರದಿಂದ, “ಪಾಪ, ಈಗತಾನೆ ಕಣ್ಣು ಮುಚ್ಚಿದ್ದಾಳೆ, ಎಬ್ಬಿಸಬೇಡಿ ಸಿಸ್ಟರ್” ಎನ್ನುವುದುಂಟು. ಆ ಒಂದು ರಾತ್ರಿಯ ಮಟ್ಟಿಗೆ, ಎಬ್ಬಿಸಲು ಬಿಡುವುದೇ ನಿಜವಾದ ಕನಿಕರ.