ತಪ್ಪು ಉತ್ತರ ಬರೆಯುವ ವಿದ್ಯೆ

ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮೆಟ್ರೊ ಹಾಯುವ ಮಹದೇವಪುರ ಸುತ್ತಿನಲ್ಲಿ ಐಟಿ ಪಾರ್ಕುಗಳ ನಡುನಡುವೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಇವುಗಳಲ್ಲಿ ಹಲವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಸಂಯೋಜಿತವಾದವು. ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಮೊದಲ ವರ್ಷದ ಭಾರತದ ಸಂವಿಧಾನ, ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡದಂಥ ವಿಷಯಗಳಿಗೆ ಸೆಮಿಸ್ಟರ್ ಕೊನೆಯಲ್ಲಿ ಉದ್ದುದ್ದ ಉತ್ತರ ಬರೆಯುವ ಪರೀಕ್ಷೆ ಇಲ್ಲ. ಒಂದು ಗಂಟೆ, 50 ಬಹು ಆಯ್ಕೆ ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ, ಒಂದು ಓಎಂಆರ್ ಹಾಳೆ. ಈ ಪರೀಕ್ಷೆಯಲ್ಲಿ 18 ಅಂಕ ಬಂದರೆ ಸಾಕು.

ಈ 18 ಎಂಬ ಸಂಖ್ಯೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಪುಸ್ತಕವನ್ನೇ ತೆರೆಯದ ವಿದ್ಯಾರ್ಥಿ ಕಣ್ಣುಮುಚ್ಚಿ ಗೋಲ ತುಂಬಿದರೂ ನಾಲ್ಕು ಆಯ್ಕೆಗಳ 50 ಪ್ರಶ್ನೆಗಳಲ್ಲಿ ಸರಾಸರಿ 12ರಿಂದ 13 ಸರಿಯಾಗುತ್ತವೆ. ಆದರೆ 18 ಮುಟ್ಟುವುದು ಅಷ್ಟು ಸುಲಭವಲ್ಲ, ಅಂಥ 100 ಮಂದಿಯಲ್ಲಿ ಐದಾರು ಜನರಿಗಷ್ಟೇ ಆ ಅದೃಷ್ಟ. ಪ್ರತಿ ಪ್ರಶ್ನೆಯಲ್ಲೂ ನೋಡಿದ ಕೂಡಲೇ ಹೊಡೆದು ಹಾಕಬಹುದಾದ ಒಂದು ಪೊಳ್ಳು ಆಯ್ಕೆ ಇದ್ದರೆ ಪಾಸಾಗುವವರು ಐದಾರರಿಂದ ಸುಮಾರು 40ಕ್ಕೆ ಏರುತ್ತಾರೆ. ಎರಡು ಪೊಳ್ಳು ಆಯ್ಕೆಗಳಿದ್ದರೆ 98 ಮಂದಿ ಪಾಸು! ಪ್ರಶ್ನೆ ಅದೇ, ಸರಿ ಉತ್ತರವೂ ಅದೇ, ಬದಲಾದದ್ದು ತಪ್ಪು ಉತ್ತರಗಳ ಗುಣಮಟ್ಟ ಮಾತ್ರ.

ಮೇಷ್ಟ್ರುಗಳು ಇದಕ್ಕೆ ತಕ್ಷಣ ಹೇಳುವ ಪರಿಹಾರ ನೆಗೆಟಿವ್ ಮಾರ್ಕ್ಸ್. ಅದು ಅಷ್ಟು ಕೆಲಸ ಮಾಡುವುದಿಲ್ಲ. ತಪ್ಪಿಗೆ ಕಾಲು ಅಂಕ ಕಳೆದರೂ ನಾಲ್ಕು ಆಯ್ಕೆಗಳಲ್ಲಿ ಊಹಿಸುವವನಿಗೆ ಒಟ್ಟಾರೆ ಲಾಭವೇ. ಮೂರನೇ ಒಂದು ಅಂಕ ಕಳೆದರೆ ಮಾತ್ರ ಲೆಕ್ಕ ಸಮವಾಗುತ್ತದೆ, ಒಂದು ಆಯ್ಕೆ ಪೊಳ್ಳಾಗಿದ್ದರೆ ಅದೂ ಸಾಲದು. ಧೈರ್ಯವಂತ ಆಗಲೂ ಊಹಿಸುತ್ತಾನೆ. ಉತ್ತರ ಗೊತ್ತಿದ್ದೂ ಹಿಂಜರಿಯುವ ಹುಡುಗಿ ಗೋಲ ಖಾಲಿ ಬಿಡುತ್ತಾಳೆ. ಆದ್ದರಿಂದ ಪ್ರಶ್ನೆ ತೆಗೆಯುವವರು ಹೆಚ್ಚಿನ ಹೊತ್ತು ಕೊಡಬೇಕಾದದ್ದು ತಪ್ಪು ಉತ್ತರಗಳಿಗೆ.

ಸಂವಿಧಾನ ಪತ್ರಿಕೆಯ ರಿಟ್‌ಗಳ ಪಾಠವನ್ನೇ ತೆಗೆದುಕೊಳ್ಳಿ. ‘ಮ್ಯಾಂಡಮಸ್ ಎಂದರೇನು?’ ಎಂದು ಕೇಳಿ, ಒಂದು ಬಗೆಯ ರಿಟ್, ಒಂದು ಬಗೆಯ ತೆರಿಗೆ, ಚುನಾವಣಾ ಪದ್ಧತಿ, ಸಂಸತ್ತಿನ ಸಮಿತಿ ಎಂದು ಆಯ್ಕೆ ಕೊಟ್ಟರೆ ಪಾಠದ ತಲೆಬರಹ ಓದಿದವನೂ ಉತ್ತರಿಸುತ್ತಾನೆ. ಅದೇ ಪ್ರಶ್ನೆಯನ್ನು ಹೀಗೆ ಕೇಳಬಹುದು: ‘ಗರುಡಾಚಾರ್‌ಪಾಳ್ಯದ ನಿವಾಸಿಯೊಬ್ಬರು ಖಾತಾ ವರ್ಗಾವಣೆಗೆ ಎಲ್ಲ ದಾಖಲೆಗಳೊಂದಿಗೆ ಅರ್ಜಿ ಕೊಟ್ಟಿದ್ದಾರೆ. ಕಾನೂನಿನಂತೆ ಅರ್ಜಿಯನ್ನು ತೀರ್ಮಾನಿಸಲೇಬೇಕಾದ ಅಧಿಕಾರಿ ಗಡುವು ಮುಗಿದರೂ ಮಂಜೂರು ಮಾಡಿಲ್ಲ, ತಿರಸ್ಕರಿಸಿಯೂ ಇಲ್ಲ. ಹೈಕೋರ್ಟಿನಲ್ಲಿ ಅವರು ಕೋರಬೇಕಾದ ರಿಟ್ ಯಾವುದು?’ ಆಯ್ಕೆಗಳು ಸರ್ಷಿಯೊರರಿ, ಕೊ ವಾರಂಟೊ, ಪ್ರೊಹಿಬಿಷನ್, ಮ್ಯಾಂಡಮಸ್.

ಇಲ್ಲಿ ಒಂದೊಂದು ತಪ್ಪಿಗೂ ಕಾರಣವಿದೆ. ಸರ್ಷಿಯೊರರಿ ಹೊರಡಿಸಿದ ಆದೇಶವನ್ನು ರದ್ದುಮಾಡುವ ರಿಟ್, ಇಲ್ಲಿ ಆದೇಶವೇ ಹೊರಟಿಲ್ಲ ಎಂಬುದನ್ನು ಗಮನಿಸದವರು ಅದನ್ನು ಆರಿಸುತ್ತಾರೆ. ಕೊ ವಾರಂಟೊ ಕೇಳುವುದು ಆ ಹುದ್ದೆಯಲ್ಲಿ ಕೂರಲು ನಿಮಗೇನು ಹಕ್ಕು ಎಂದು. ಅಧಿಕಾರಿಯ ಮೇಲಿನ ದೂರೆಲ್ಲ ಅದೇ ಎಂದುಕೊಂಡವರು ಅದಕ್ಕೆ ಬೀಳುತ್ತಾರೆ. ಪ್ರೊಹಿಬಿಷನ್ ಇರುವುದು ಕೆಳಗಿನ ನ್ಯಾಯಾಲಯ ತನ್ನ ವ್ಯಾಪ್ತಿ ಮೀರುವುದನ್ನು ತಡೆಯಲು. ಕೆಲಸ ಮಾಡಿಸುವುದಕ್ಕೂ ತಡೆಯುವುದಕ್ಕೂ ವ್ಯತ್ಯಾಸ ತಿಳಿಯದವರು ಅಲ್ಲಿ ಎಡವುತ್ತಾರೆ. ಯಾರು ಯಾವ ಗೋಲ ತುಂಬಿದ್ದಾರೆಂದು ನೋಡಿದರೆ ಮರುದಿನ ತರಗತಿಯಲ್ಲಿ ಯಾವ ಭಾಗವನ್ನು ಮತ್ತೆ ಪಾಠ ಮಾಡಬೇಕೆಂಬುದು ಮೇಷ್ಟ್ರಿಗೆ ತಿಳಿದುಬಿಡುತ್ತದೆ.

ಲೆಕ್ಕದ ವಿಷಯಗಳಲ್ಲಿ ಇದು ಇನ್ನೂ ಸಲೀಸು. ಬಿ.ಕಾಂ. ತರಗತಿಗೆ ಒಂದು ಪ್ರಶ್ನೆ: ‘ಕರ್ನಾಟಕದೊಳಗೇ ಮಾರಾಟವಾದ ವಸ್ತುವೊಂದರ ಬೆಲೆ ಶೇ 18ರ ಜಿಎಸ್‌ಟಿ ಸೇರಿ 1,180 ರೂಪಾಯಿ. ಇದರಲ್ಲಿ ಒಟ್ಟು ತೆರಿಗೆ ಎಷ್ಟು?’ ಸರಿ ಉತ್ತರ 180. ತೆರಿಗೆ ಸೇರಿದ ಬೆಲೆಯ ಮೇಲೇ ಶೇ 18 ಹಾಕಿದವರಿಗೆ 212.40 ಬರುತ್ತದೆ. ಕೇಂದ್ರದ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿದು ರಾಜ್ಯದ ಪಾಲು ಮರೆತವರಿಗೆ 90. ನಾಲ್ಕನೆಯ ಆಯ್ಕೆ? ಹುಡುಗರು ನಿಜವಾಗಿ ಮಾಡುವ ಇನ್ನೊಂದು ತಪ್ಪು ಹೊಳೆಯದಿದ್ದರೆ ಅದನ್ನು ಬಿಟ್ಟುಬಿಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಆಧಾರವೂ ಇದೆ. ಮೈಕೆಲ್ ರಾಡ್ರಿಗಸ್ ಎಂಬ ಸಂಶೋಧಕರು 80 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಮೂರು ಆಯ್ಕೆಗಳೇ ಹದವಾದದ್ದು ಎಂಬ ತೀರ್ಮಾನವನ್ನು 2005ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾಲಯದ ಪತ್ರಿಕೆಗೆ ನಾಲ್ಕು ಬೇಕೇ ಬೇಕು, ಅಲ್ಲಿ ವಿಧಿಯಿಲ್ಲ. ಇಂಟರ್ನಲ್ಸ್‌ಗೆ ಮೂರು ಸಾಕು.

ತಪ್ಪುಗಳನ್ನು ತಲೆಯಿಂದ ಹುಟ್ಟಿಸಬಾರದು, ತರಗತಿಯಿಂದ ಹೆಕ್ಕಬೇಕು. ಬಳಕೆ ಕನ್ನಡ ಕಲಿಯುವ ಹುಡುಗರು ಬೇರೆ ಬೇರೆ ರಾಜ್ಯಗಳಿಂದ ಬಂದು ಇಲ್ಲಿನ ಪಿಜಿಗಳಲ್ಲಿ ಇರುವವರು. ಅವರು ಆಡುವ ಕನ್ನಡವನ್ನು ಕಿವಿಗೊಟ್ಟು ಕೇಳಿದರೆ ಪ್ರಶ್ನೆ ತಾನಾಗಿ ಸಿಗುತ್ತದೆ. ‘ಹೂಡಿ ಮೆಟ್ರೊ ನಿಲ್ದಾಣದ ಮುಂದೆ ಹಿರಿಯರೊಬ್ಬರನ್ನು ದಾರಿ ಕೇಳಬೇಕು. ಯಾವುದು ಸರಿ?’ ಎಂದು ಕೇಳಿ ಈ ನಾಲ್ಕು ವಾಕ್ಯ ಕೊಡಿ: ‘ಟಿನ್ ಫ್ಯಾಕ್ಟರಿಗೆ ಹೇಗೆ ಹೋಗೋದು, ಹೇಳು’, ‘ಟಿನ್ ಫ್ಯಾಕ್ಟರಿಗೆ ಹೇಗೆ ಹೋಗೋದು, ಹೇಳಿ’, ‘ಟಿನ್ ಫ್ಯಾಕ್ಟರಿಯಲ್ಲಿ ಹೇಗೆ ಹೋಗೋದು, ಹೇಳು’, ‘ಟಿನ್ ಫ್ಯಾಕ್ಟರಿಯಲ್ಲಿ ಹೇಗೆ ಹೋಗೋದು, ಹೇಳಿ’. ವಿಭಕ್ತಿ ಗೊತ್ತಿದ್ದು ಬಹುವಚನದ ಮರ್ಯಾದೆ ಗೊತ್ತಿಲ್ಲದವರು, ಮರ್ಯಾದೆ ಗೊತ್ತಿದ್ದು ವಿಭಕ್ತಿ ತಪ್ಪುವವರು, ಎರಡೂ ಗೊತ್ತಿಲ್ಲದವರು ಬೇರೆ ಬೇರೆಯಾಗಿ ಕಾಣಸಿಗುತ್ತಾರೆ. ಹೀಗೆ ಕೇಳಿದರೆ ಕಲಿತ ಕನ್ನಡ ನಾಳೆ ಆಟೊ ಹತ್ತುವಾಗ ಬಾಯಿಗೆ ಬಂದೀತೇ ಎಂಬುದೂ ತಿಳಿಯುತ್ತದೆ.

ಇನ್ನು ಪ್ರಶ್ನೆಯ ಮೈಯಿಂದಲೇ ಉತ್ತರ ಸೋರಿಹೋಗುವ ಜಾಗಗಳಿವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಖಾಲಿ ಜಾಗ ವಾಕ್ಯದ ನಡುವೆ ಬೀಳುತ್ತದೆ. ‘ರಾಜ್ಯಪಾಲರನ್ನು ______ ನೇಮಿಸುತ್ತಾರೆ’ ಎಂದು ಬರೆದು ರಾಷ್ಟ್ರಪತಿ, ಸಂಸತ್ತು, ಸುಪ್ರೀಂ ಕೋರ್ಟ್, ಚುನಾವಣಾ ಆಯೋಗ ಎಂದು ಆಯ್ಕೆ ಕೊಟ್ಟರೆ ‘ನೇಮಿಸುತ್ತಾರೆ’ ಎಂಬ ಕ್ರಿಯಾಪದವೇ ಉಳಿದ ಮೂರನ್ನು ಹೊರಗಟ್ಟುತ್ತದೆ, ಸಂವಿಧಾನ ಓದಿರಬೇಕಾಗಿಲ್ಲ. ಪ್ರಶ್ನೆಯನ್ನು ಪೂರ್ಣ ವಾಕ್ಯವಾಗಿಯೇ ಕೇಳಿ, ಆಯ್ಕೆಗಳಲ್ಲಿ ರಾಷ್ಟ್ರಪತಿಯ ಜೊತೆಗೆ ಪ್ರಧಾನಮಂತ್ರಿ, ಮುಖ್ಯಮಂತ್ರಿ, ಲೋಕಸಭೆಯ ಸ್ಪೀಕರ್ ಅವರನ್ನು ನಿಲ್ಲಿಸಿ. ಸರಿ ಉತ್ತರ ಮಾತ್ರ ಎರಡು ಸಾಲು, ಉಳಿದವು ಎರಡೆರಡು ಪದ ಎಂಬಂತಾದರೂ ಹುಡುಗರು ಹಿಡಿದುಬಿಡುತ್ತಾರೆ. ‘ಮೇಲಿನ ಎಲ್ಲವೂ’ ಎಂಬ ಆಯ್ಕೆ ಇದ್ದರೆ ಎರಡು ಸರಿ ಎಂದು ಗೊತ್ತಾದವರಿಗೆ ಮೂರನೆಯದನ್ನು ಓದುವ ಅಗತ್ಯವೇ ಇಲ್ಲ. ಅದನ್ನು ಪೂರ್ತಿ ಕೈಬಿಡುವುದು ಒಳ್ಳೆಯದು. ‘ಅಲ್ಲ’ ಎಂಬ ಪ್ರಶ್ನೆ ತೀರಾ ಬೇಕಿದ್ದರೆ ಆ ಪದದ ಕೆಳಗೆ ಗೆರೆ ಎಳೆಯಿರಿ. ಒಂದು ಪ್ರಶ್ನೆಗೆ ಒಂದು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು ಸಮಯ ಇರುವಾಗ ಕೊನೆಯ ಪದ ಕಣ್ತಪ್ಪಿದ್ದಕ್ಕೆ ಅಂಕ ಹೋಗಬಾರದು.

ಬರೆದಾದ ಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಪ್ರಶ್ನೆ ಮಾತ್ರ ಓದಿ. ಚೆನ್ನಾಗಿ ಓದಿದ ವಿದ್ಯಾರ್ಥಿ ಆಯ್ಕೆ ನೋಡದೆಯೇ ಉತ್ತರ ಹೇಳಬಲ್ಲಳೇ? ಹೇಳಲಾಗದಿದ್ದರೆ ಅದು ಪ್ರಶ್ನೆಯಾಗಿಲ್ಲ. ‘ಸಂವಿಧಾನದ ಬಗ್ಗೆ ಸರಿಯಾದ ಹೇಳಿಕೆ ಯಾವುದು?’ ಎಂಬುದು ಅಂಥದ್ದು.

ಒಂದೊಂದು ಪ್ರಶ್ನೆ ಚೆನ್ನಾಗಿದ್ದೂ ಇಡೀ ಪತ್ರಿಕೆ ಕೆಡಬಹುದು. 2024ರ ಏಪ್ರಿಲ್ 18 ಮತ್ತು 19ರ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟ ಭಾಗಗಳಿಂದ ಪ್ರಶ್ನೆಗಳು ಬಂದವು. ಕೊನೆಗೆ ಭೌತವಿಜ್ಞಾನದ 9, ರಸಾಯನವಿಜ್ಞಾನದ 15, ಗಣಿತದ 15, ಜೀವವಿಜ್ಞಾನದ 11, ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಎಂಜಿನಿಯರಿಂಗ್ ಸೀಟಿಗೆ ಬರೆದವರು 180 ಪ್ರಶ್ನೆಗಳನ್ನು ಎದುರಿಸಿ 141ರ ಮೇಲೆ ಮಾತ್ರ ಸಿಇಟಿ ಅಂಕ ಪಡೆದರು. ಹೋದ 39ರ ಹಿಂದೆ ಹೆಣಗಿದ ನಿಮಿಷಗಳನ್ನು ಯಾರೂ ವಾಪಸು ಕೊಡಲಾರರು. ಇದನ್ನು ತಡೆಯುವ ಸಾಧನ ಬಹಳ ಹಳೆಯದು, ಅದೇ ಬ್ಲೂಪ್ರಿಂಟ್. ಎಡಗಡೆ ಈಗ ಜಾರಿಯಲ್ಲಿರುವ ಪಠ್ಯಕ್ರಮದ ಘಟಕಗಳು, ಮೇಲೆ ನೆನಪು, ಅರ್ಥ, ಅನ್ವಯ ಎಂಬ ಮೂರು ಕಲಂ. ಪ್ರಶ್ನೆ ಬರೆಯುವ ಮೊದಲೇ ಚೌಕಗಳಲ್ಲಿ ಸಂಖ್ಯೆ ತುಂಬಬೇಕು. ಚೌಕ ಸಿಗದ ಪ್ರಶ್ನೆಗೆ ಪತ್ರಿಕೆಯಲ್ಲಿ ಜಾಗವಿಲ್ಲ.

ಎರಡು ಭಾಷೆಯಲ್ಲಿ ಅಚ್ಚಾಗುವ ಪತ್ರಿಕೆಯ ವಿಚಾರ ನನಗೆ ಇನ್ನೂ ಸಂಕಟದ್ದು. ಕೆಪಿಎಸ್‌ಸಿ 2024ರ ಆಗಸ್ಟ್ 27ರಂದು ನಡೆಸಿದ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆ ಮಾಡಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯ ಕನ್ನಡದ ಮೇಲೂ ದೂರುಗಳು ಎದ್ದವು. ಕನ್ನಡದಲ್ಲಿ ಓದಿ ಬಂದವರು ತಮ್ಮ ಭಾಷೆಯ ಪತ್ರಿಕೆ ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಪ್ರಶ್ನೆ ನೋಡಬೇಕಾದರೆ ಅದು ಅನ್ಯಾಯವೇ. ಕಾಲೇಜು ಮಟ್ಟದಲ್ಲಿ ಇದಕ್ಕೆ ಸರಳ ದಾರಿ ಇದೆ. ಕನ್ನಡ ಪ್ರಶ್ನೆಯನ್ನು ಇಂಗ್ಲಿಷ್ ಮೂಲ ನೋಡಿರದ, ಅದೇ ವಿಷಯ ಬಲ್ಲ ಸಹೋದ್ಯೋಗಿಯ ಕೈಗೆ ಕೊಟ್ಟು ಉತ್ತರಿಸಲು ಹೇಳುವುದು. ಅವರು ತಡವರಿಸಿದ ಕಡೆಯೆಲ್ಲ ವಾಕ್ಯವನ್ನು ಬಿಚ್ಚಿ ಹೊಸದಾಗಿ ಬರೆಯಬೇಕು.

ಪರೀಕ್ಷೆ ಮುಗಿದ ಮೇಲಿನ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ. 60 ಜನರ ತರಗತಿಯಾದರೆ ಒಟ್ಟು ಅಂಕದಲ್ಲಿ ಮೇಲಿನ 16 ಮತ್ತು ಕೆಳಗಿನ 16 ಹಾಳೆಗಳನ್ನು ಬೇರೆ ಇಡಿ. ಶೇ 27ರ ಈ ಗಡಿಯನ್ನು ಟ್ರೂಮನ್ ಕೆಲಿ 1939ರಲ್ಲಿ ಸೂಚಿಸಿದ್ದರು. ಒಂದು ಪ್ರಶ್ನೆಗೆ ಮೇಲಿನವರಲ್ಲಿ 13, ಕೆಳಗಿನವರಲ್ಲಿ 6 ಮಂದಿ ಸರಿ ಉತ್ತರಿಸಿದ್ದರೆ ವ್ಯತ್ಯಾಸ 7. ಅದನ್ನು 16ರಿಂದ ಭಾಗಿಸಿದರೆ 0.44. ಇದು 0.3ಕ್ಕಿಂತ ಮೇಲಿದ್ದರೆ ಪ್ರಶ್ನೆ ಓದಿದವರನ್ನೂ ಓದದವರನ್ನೂ ಸರಿಯಾಗಿ ಬೇರ್ಪಡಿಸುತ್ತಿದೆ ಎಂದರ್ಥ. ಸೊನ್ನೆಯ ಹತ್ತಿರವಿದ್ದರೆ ಪ್ರಶ್ನೆ ತೀರಾ ಸುಲಭವೋ, ತೀರಾ ಕಠಿಣವೋ, ಗೊಂದಲದ್ದೋ ಎಂದು ನೋಡಿ. ಸೊನ್ನೆಗಿಂತ ಕೆಳಗಿದ್ದರೆ, ಅಂದರೆ ಚೆನ್ನಾಗಿ ಓದಿದವರೇ ಹೆಚ್ಚು ತಪ್ಪಿದ್ದರೆ, ಮೊದಲು ಕೀ ಉತ್ತರವನ್ನು ಪರಿಶೀಲಿಸಿ, ಆಮೇಲೆ ಹುಡುಗರನ್ನು ಬೈಯಿರಿ. ಯಾರೂ ಮುಟ್ಟದ ಆಯ್ಕೆ ಇದ್ದರೆ ಅದನ್ನು ಕಿತ್ತು, ಮುಂದಿನ ಬಾರಿಗೆ ತರಗತಿಯಲ್ಲಿ ಕೇಳಿಬಂದ ನಿಜವಾದ ತಪ್ಪೊಂದನ್ನು ಹಾಕಿ.

ಓಎಂಆರ್ ಹಾಳೆ ಎಲ್ಲವನ್ನೂ ಅಳೆಯುವುದಿಲ್ಲ. ವಾದ ಕಟ್ಟುವುದು, ನಾಲ್ಕು ಸಾಲು ನೆಟ್ಟಗೆ ಬರೆಯುವುದು ಇಲ್ಲಿ ಕಾಣದು, ಅದಕ್ಕೆ ಅಸೈನ್‌ಮೆಂಟ್ ಬೇಕು. ಈ ಸೆಮಿಸ್ಟರಿನಿಂದಲೇ ಒಂದು ನೋಟ್‌ಬುಕ್ ಇಟ್ಟು, ವಿದ್ಯಾರ್ಥಿಗಳು ತರಗತಿಯಲ್ಲಿ ಹೇಳುವ ತಪ್ಪು ಉತ್ತರಗಳನ್ನು ಅಂದಂದೇ ಬರೆದಿಟ್ಟುಕೊಳ್ಳಿ. ಮುಂದಿನ ಇಂಟರ್ನಲ್ಸ್ ಪತ್ರಿಕೆ ತೆಗೆಯುವಾಗ ಗೈಡನ್ನೋ ಹಳೆಯ ಪ್ರಶ್ನೆ ಬ್ಯಾಂಕನ್ನೋ ತೆರೆಯುವ ಮೊದಲು ಆ ನೋಟ್‌ಬುಕ್ ತೆರೆಯಿರಿ.